ಆ್ಯಪ್ ಮಾಡಿ ಬದುಕು ಸಾಗಿಸಬಹುದೇ?

ಕಳೆದ ಮಳೆಗಾಲದ ಒಂದು ಭಾನುವಾರ, ಎರಡನೆಯ ಪೂಜೆ ಮುಗಿದು ಜನರು ಕೊಡೆ ಬಿಡಿಸಿಕೊಂಡು ಮನೆಗೆ ಹೊರಡುತ್ತಿದ್ದಾಗ ದಂಪತಿಗಳಿಬ್ಬರು ನಮ್ಮ ಕಚೇರಿಗೆ ಬಂದರು. ಗಂಡ ಇಪ್ಪತ್ತೆರಡು ವರ್ಷ ಕುವೈಟಿನಲ್ಲಿ ದುಡಿದು ಮರಳಿದವರು. ಮಗ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿ, ಈಗ ಅದನ್ನು ಬಿಟ್ಟು ಊರಿಗೆ ಬಂದಿದ್ದಾನೆ. "ಫಾದರ್, ಅವನು ಇಡೀ ದಿನ ಕೋಣೆಯ ಬಾಗಿಲು ಹಾಕಿಕೊಂಡು ಆ್ಯಪ್ ಮಾಡುತ್ತೇನೆ ಅನ್ನುತ್ತಾನೆ. ಇದೂ ಒಂದು ಉದ್ಯೋಗವಾ? ನೀವಾದರೂ ಅವನಿಗೆ ಒಂದು ಮಾತು ಹೇಳಿ" ಎಂದು ತಾಯಿ ಕೇಳಿಕೊಂಡರು. ತಂದೆ ಏನೂ ಮಾತನಾಡಲಿಲ್ಲ. ಹೊರಡುವಾಗ ಮಾತ್ರ, "ಕಲಿಕೆಯ ಸಾಲ ಇನ್ನೂ ಎರಡು ಲಕ್ಷ ಬಾಕಿ ಇದೆ ಫಾದರ್" ಎಂದರು.

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವರಿಗೆ ಆ್ಯಪ್ ವ್ಯಾಪಾರದ ಒಳಗುಟ್ಟು ತಿಳಿದಿರುವುದಿಲ್ಲ. ಆದರೆ ಅದೇ ಪ್ರಶ್ನೆ ಮುಂದಿನ ಕೆಲವು ತಿಂಗಳುಗಳಲ್ಲಿ ಬೇರೆ ಬೇರೆ ಮನೆಗಳಿಂದ ಮತ್ತೆ ಮತ್ತೆ ಬಂತು. ಆದ್ದರಿಂದ ಸಾಕಷ್ಟು ಓದಿ, ಈ ಕೆಲಸದಲ್ಲಿರುವ ನಮ್ಮ ಪರಿಸರದ ಯುವಕ ಯುವತಿಯರನ್ನು ವಿಚಾರಿಸಿ ತಿಳಿದುಕೊಂಡ ವಿಷಯಗಳನ್ನು ಓದುಗರ ಮುಂದೆ ಇಡುತ್ತಿದ್ದೇವೆ. ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ಹೆತ್ತವರು, ಗುರಿಕಾರರು, ಯುವಜನರ ಸಂಘಟನೆಯ ಸಚೇತಕರು ಇದನ್ನು ಓದಿದರೆ ಒಳ್ಳೆಯದು.

ಬಾಗಿಲು ತೆರೆದಿದೆ, ಅಂಗಡಿ ದೊಡ್ಡದು

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬೇರೆಯವರಿಗಾಗಿ, ಅವರು ಹೇಳಿದಂತೆ, ಗುತ್ತಿಗೆಯಲ್ಲಿ ಆ್ಯಪ್ ಮಾಡಿಕೊಡುವುದು ಒಂದು ಕೆಲಸ. ತನ್ನದೇ ಯೋಚನೆಯ ಆ್ಯಪನ್ನು ತಾನೇ ತಯಾರಿಸಿ, ತನ್ನ ಹೆಸರಿನಲ್ಲೇ ಮಾರಿ, ಬಂದ ಹಣದಿಂದ ಜೀವನ ನಡೆಸುವುದು ಇನ್ನೊಂದು. ಎರಡನೆಯವರನ್ನೇ ಸ್ವತಂತ್ರ ಆ್ಯಪ್ ತಯಾರಕರು ಎನ್ನುತ್ತಾರೆ. ಮೊದಲನೆಯದರಲ್ಲಿ ಕೆಲಸ ಮುಗಿದ ಕೂಡಲೇ ಹಣ, ಎರಡನೆಯದರಲ್ಲಿ ಕೆಲಸ ಮುಗಿದ ಮೇಲೆ ಕಾಯುವಿಕೆ. ತೆಂಗಿನ ಗಿಡ ನೆಡುವವನಿಗೂ ಇನ್ನೊಬ್ಬರ ತೋಟದಲ್ಲಿ ಕಾಯಿ ಕೊಯ್ಯುವವನಿಗೂ ಇರುವ ವ್ಯತ್ಯಾಸದಂತೆ ಇದು.

ಆಪಲ್ ಕಂಪನಿಯು ತನ್ನ ಆ್ಯಪ್ ಸ್ಟೋರನ್ನು 2008ರ ಜುಲೈ 10ರಂದು ತೆರೆಯಿತು. ಆ ದಿನ ಅದರಲ್ಲಿ ಇದ್ದದ್ದು ಸುಮಾರು 500 ಆ್ಯಪ್‌ಗಳು. ಅದೇ ವರ್ಷ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ಆರಂಭವಾಗಿ, 2012ರಲ್ಲಿ ಗೂಗಲ್ ಪ್ಲೇ ಎಂಬ ಹೆಸರು ಪಡೆಯಿತು. ಅದಕ್ಕೂ ಮೊದಲು ತಂತ್ರಾಂಶ ಮಾರಬೇಕಾದರೆ ಸಿಡಿ, ಡಬ್ಬ, ವಿತರಕ, ಅಂಗಡಿ ಎಲ್ಲವೂ ಬೇಕಿತ್ತು. ಈಗ ಗೂಗಲ್ ಪ್ಲೇಯಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಿದರೆ ಬಾಗಿಲು ತೆರೆಯುತ್ತದೆ. ಬೈಂದೂರಿನ ಹುಡುಗಿಯ ಆ್ಯಪ್ ಬ್ರೆಜಿಲಿನಲ್ಲಿರುವವರ ಮೊಬೈಲಿಗೂ ತಲುಪುತ್ತದೆ. ಐಫೋನ್‌ಗೆ ಮಾಡುವುದಾದರೆ ಮ್ಯಾಕ್ ಗಣಕಯಂತ್ರ ಬೇಕು ಎಂಬುದೊಂದೇ ದುಬಾರಿಯ ಸಂಗತಿ.

ಈ ಅಂಗಡಿಗಳು ಮಾರಾಟದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಬಹಳ ವರ್ಷಗಳ ಕಾಲ ಈ ಪಾಲು ಶೇಕಡಾ 30 ಇತ್ತು. ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಗಳಿಸುವ ಸಣ್ಣವರಿಗೆ ಆಪಲ್ 2021ರ ಜನವರಿಯಿಂದ ಅದನ್ನು ಶೇಕಡಾ 15ಕ್ಕೆ ಇಳಿಸಿತು. ಗೂಗಲ್ ಕೂಡ ಅದೇ ವರ್ಷದ ಜುಲೈಯಿಂದ ಮೊದಲ ಹತ್ತು ಲಕ್ಷ ಡಾಲರ್ ಗಳಿಕೆಗೆ ಇದೇ ದರ ತಂದಿತು. ಒಬ್ಬಂಟಿಯಾಗಿ ದುಡಿಯುವವರಿಗೆ ಇದು ನಿಜವಾಗಿಯೂ ದೊಡ್ಡ ಸಹಾಯವಾಯಿತು.

ಕಾಗದ ಪೆನ್ನು ಹಿಡಿದು ಲೆಕ್ಕ ಹಾಕೋಣ

"ಒಂದು ಲಕ್ಷ ಜನ ಡೌನ್‌ಲೋಡ್ ಮಾಡಿದರೆ ಸಾಕು" ಎನ್ನುವ ಮಾತನ್ನು ಯುವಕರ ಬಾಯಲ್ಲಿ ಕೇಳುತ್ತೇವೆ. ಡೌನ್‌ಲೋಡ್ ಹಣವಲ್ಲ. ಊರಲ್ಲೇ ಇದ್ದು, ಹೆತ್ತವರ ಮನೆಯಲ್ಲೇ ವಾಸಿಸಿ, ತಿಂಗಳಿಗೆ 40,000 ರೂಪಾಯಿ ಬೇಕು ಎಂದು ಇಟ್ಟುಕೊಳ್ಳೋಣ. ಆ್ಯಪಿನ ಚಂದಾ ತಿಂಗಳಿಗೆ 99 ರೂಪಾಯಿ. ಅಂಗಡಿಯ ಶೇಕಡಾ 15 ಕಳೆದರೆ ಕೈಗೆ ಸಿಗುವುದು 84 ರೂಪಾಯಿ 15 ಪೈಸೆ, ತೆರಿಗೆ ಬೇರೆ. ಅಂದರೆ 476 ಜನ ಪ್ರತಿ ತಿಂಗಳೂ ತಪ್ಪದೆ ಹಣ ಕೊಡಬೇಕು. ಉಚಿತವಾಗಿ ಬಳಸುವ ನೂರು ಜನರಲ್ಲಿ ಇಬ್ಬರು ಚಂದಾದಾರರಾಗುತ್ತಾರೆ ಎಂದು ಲೆಕ್ಕಕ್ಕಾಗಿ ಹಿಡಿದರೂ, ಆ್ಯಪನ್ನು ನಿಜವಾಗಿ ಬಳಸುವವರು 23,800 ಮಂದಿ ಇರಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ತಿಂಗಳಿಗೆ ನೂರರಲ್ಲಿ ಐವರು ಚಂದಾ ನಿಲ್ಲಿಸಿದರೆ, ಇದ್ದಲ್ಲೇ ಇರಲು ಪ್ರತಿ ತಿಂಗಳೂ 24 ಹೊಸಬರು ಸೇರಬೇಕು. ತೂತು ಬಿದ್ದ ಕೊಡಪಾನಕ್ಕೆ ನೀರು ಸೇದಿದ ಹಾಗೆ.

ಅದೇ ಆ್ಯಪನ್ನು ಅಮೆರಿಕ ಅಥವಾ ಯುರೋಪಿನವರು ತಿಂಗಳಿಗೆ 2 ಡಾಲರ್ 99 ಸೆಂಟ್ಸ್ ಕೊಟ್ಟು ಬಳಸಿದರೆ, ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ಒಬ್ಬರಿಂದ 216 ರೂಪಾಯಿ ಕೈಸೇರುತ್ತದೆ. ಆಗ 186 ಜನ ಸಾಕು. ಕೆಲಸ ಅಷ್ಟೇ, ಗ್ರಾಹಕರು ಅರ್ಧಕ್ಕಿಂತ ಕಡಿಮೆ. ಊರಲ್ಲಿ ಖರ್ಚು, ಹೊರದೇಶದಲ್ಲಿ ಗಳಿಕೆ ಎಂಬ ಸೂತ್ರ ಕರಾವಳಿಯವರಿಗೆ ಹೊಸದಲ್ಲ, ಗಲ್ಫಿನ ಮನಿಯಾರ್ಡರುಗಳ ಕಾಲದಿಂದಲೂ ಬಲ್ಲೆವು. ಇಲ್ಲಿ ವಿಮಾನ ಹತ್ತುವ ಅಗತ್ಯವಿಲ್ಲ, ಅಷ್ಟೇ ವ್ಯತ್ಯಾಸ.

ಜಾಹೀರಾತಿನಿಂದ ಗಳಿಸುತ್ತೇನೆ ಎನ್ನುವವರೂ ಇದ್ದಾರೆ. ಭಾರತದ ಬಳಕೆದಾರರಿಗೆ ತೋರಿಸುವ ಜಾಹೀರಾತಿಗೆ ಸಿಗುವ ಹಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. ದಿನಕ್ಕೆ ಹತ್ತಾರು ಸಲ ತೆರೆಯುವ ಆಟದಂಥ ಆ್ಯಪ್ ಅಲ್ಲದಿದ್ದರೆ ಇದು ಸಾಲದು. ಆಟವೇ ಆದರೂ ಅದರ ಕಥೆ ಬೇರೆ. ವಿಯೆಟ್ನಾಮಿನ ಹನೋಯ್ ನಗರದ ಡಾಂಗ್ ನುಯೆನ್ ಎಂಬ ಯುವಕ 2013ರ ಮೇ ತಿಂಗಳಲ್ಲಿ ಫ್ಲ್ಯಾಪಿ ಬರ್ಡ್ ಎಂಬ ಸಣ್ಣ ಆಟ ಬಿಡುಗಡೆ ಮಾಡಿದರು. ಎಂಟು ತಿಂಗಳು ಯಾರೂ ತಿರುಗಿ ನೋಡಲಿಲ್ಲ. 2014ರ ಜನವರಿಯಲ್ಲಿ ಅದು ಹುಚ್ಚು ಹೊಳೆಯಂತೆ ಹರಡಿ ಜಾಹೀರಾತಿನಿಂದ ದಿನಕ್ಕೆ 50,000 ಡಾಲರ್ ತರುತ್ತಿದೆ ಎಂದು ವರದಿಯಾಯಿತು. ಫೆಬ್ರವರಿಯಲ್ಲಿ ಅವರೇ ಅದನ್ನು ಅಂಗಡಿಯಿಂದ ತೆಗೆದುಹಾಕಿದರು. ತನ್ನ ಸರಳ ಬದುಕನ್ನು ಅದು ಕೆಡಿಸಿತು ಎಂಬುದೇ ಅವರು ಕೊಟ್ಟ ಕಾರಣ. ಪತ್ರಿಕೆಗಳು ಬರೆಯುವುದು ಇಂಥವರ ಕುರಿತು. ಲಾಟರಿ ಗೆದ್ದವನ ಕಥೆ ಕೇಳಿ ಯಾರೂ ಕೆಲಸ ಬಿಡಬಾರದು.

ಐವತ್ತೊಂಬತ್ತನೆಯ ಆ್ಯಪ್

ಯುವಕರು ಓದಬೇಕಾದ ಕಥೆ ಡೇವಿಡ್ ಸ್ಮಿತ್ ಅವರದು. ಅಮೆರಿಕದ ವರ್ಜೀನಿಯಾ ರಾಜ್ಯದ ಇವರು ಆ್ಯಪ್ ಸ್ಟೋರ್ ಆರಂಭವಾದ 2008ರಿಂದಲೇ ಒಬ್ಬರೇ ಆ್ಯಪ್ ಮಾಡುತ್ತಾ ಬಂದವರು. ಅಂಗಡಿಯಲ್ಲಿ ಅವರ ಸಂಸ್ಥೆಯ ಹೆಸರು ಕ್ರಾಸ್ ಫಾರ್ವರ್ಡ್ ಕನ್ಸಲ್ಟಿಂಗ್ ಎಂದಿದೆ. ಬೇರೆಯವರಿಗೆ ಕೆಲಸ ಮಾಡಿಕೊಡುವ ಕನ್ಸಲ್ಟಿಂಗ್ ಎಂಬ ಮಾತು ಆ ಹೆಸರಿನಲ್ಲಿ ಇಂದಿಗೂ ಉಳಿದುಕೊಂಡಿರುವುದನ್ನು ಗಮನಿಸಬೇಕು.

2013ರಲ್ಲಿ ಐಫೋನ್ 5ಎಸ್ ಬಂದಾಗ ಅದರಲ್ಲಿ ನಡಿಗೆಯ ಹೆಜ್ಜೆಗಳನ್ನು ಬ್ಯಾಟರಿ ಖರ್ಚಾಗದಂತೆ ಎಣಿಸಬಲ್ಲ ಹೊಸ ಚಿಪ್ ಇತ್ತು. ಸ್ಮಿತ್ ತಡಮಾಡದೆ ಪೆಡೋಮೀಟರ್ ಪ್ಲಸ್ ಪ್ಲಸ್ ಎಂಬ ಹೆಜ್ಜೆ ಎಣಿಸುವ ಆ್ಯಪ್ ತಂದರು. 2015ರಲ್ಲಿ ಆಪಲ್ ಕೈಗಡಿಯಾರಕ್ಕಾಗಿ ನಿದ್ರೆ ಅಳೆಯುವ ಸ್ಲೀಪ್ ಪ್ಲಸ್ ಪ್ಲಸ್ ಬಂತು. ನಡುವೆ ಮಾಡಿದ ಇನ್ನೂ ಎಷ್ಟೋ ಆ್ಯಪ್‌ಗಳ ಹೆಸರು ಇಂದು ಯಾರಿಗೂ ನೆನಪಿಲ್ಲ. 2020ರ ಜೂನ್‌ನಲ್ಲಿ ಆಪಲ್ ಕಂಪನಿ ಐಓಎಸ್ 14ರಲ್ಲಿ ಮೊಬೈಲಿನ ಮುಖಪರದೆಯ ಮೇಲೆ ವಿಜೆಟ್‌ಗಳನ್ನು ಇಡಲು ಅವಕಾಶ ಕೊಡುವುದಾಗಿ ಪ್ರಕಟಿಸಿದಾಗ, ಮತ್ತೆ ಅದೇ ಅಭ್ಯಾಸದಂತೆ ಕೆಲಸಕ್ಕೆ ಕೂತರು. ಗಡಿಯಾರ, ಕ್ಯಾಲೆಂಡರ್, ಭಾವಚಿತ್ರ, ಹವಾಮಾನ, ಸಮುದ್ರದ ಉಬ್ಬರ ಇಳಿತ ಇವುಗಳನ್ನು ಬೇಕಾದ ಬಣ್ಣ, ಅಕ್ಷರಗಳಲ್ಲಿ ಮುಖಪರದೆಗೆ ಹಾಕಿಕೊಳ್ಳುವ ವಿಜೆಟ್‌ಸ್ಮಿತ್ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಹದಿಹರೆಯದವರು ತಮ್ಮ ಮೊಬೈಲನ್ನು ಅಲಂಕರಿಸಿ ಟಿಕ್‌ಟಾಕಿನಲ್ಲಿ ತೋರಿಸತೊಡಗಿದರು (ನಮ್ಮ ದೇಶದಲ್ಲಿ ಅಷ್ಟು ಹೊತ್ತಿಗೆ ಅದು ನಿಷೇಧವಾಗಿತ್ತು). ಕೆಲವೇ ದಿನಗಳಲ್ಲಿ ವಿಜೆಟ್‌ಸ್ಮಿತ್ ಆ್ಯಪ್ ಸ್ಟೋರಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದು ಅವರು ಹನ್ನೆರಡು ವರ್ಷಗಳಲ್ಲಿ ಮಾಡಿದ ಐವತ್ತೊಂಬತ್ತನೆಯ ಆ್ಯಪ್ ಆಗಿತ್ತು.

ಈ ಕಥೆಯಲ್ಲಿ ಕೊನೆಯ ಗೆಲುವಿಗಿಂತ ನಡುವಿನ ಹನ್ನೆರಡು ವರ್ಷಗಳೇ ನಮಗೆ ಮುಖ್ಯವಾಗಿ ಕಂಡವು. ವಿಜೆಟ್‌ಸ್ಮಿತ್ ಬರದೇ ಇದ್ದರೂ ಅವರ ಮನೆ ನಡೆಯುತ್ತಿತ್ತು. ಒಂದೇ ಆ್ಯಪಿನ ಮೇಲೆ ಸಂಸಾರದ ಭಾರ ಹಾಕಲಿಲ್ಲ. ಒಂದು ಸಣ್ಣ ಆ್ಯಪಿಗೆ ಎರಡು ಮೂರು ವರ್ಷ ಮುಡಿಪಿಡದೆ, ಬೇಗ ಮಾಡಿ, ಜನರ ಮುಂದಿಟ್ಟು, ಚಿಗುರಿದ್ದನ್ನು ಮಾತ್ರ ಸಾಕಿದರು. ಫೋನಿನಲ್ಲಿ ಹೊಸ ಸೌಲಭ್ಯ ಬಂದ ದಿನವೇ ಅವರ ಸರಕು ಸಿದ್ಧವಿರುತ್ತಿತ್ತು. ದೊಡ್ಡ ಕಂಪನಿಗಳು ಸಭೆ ಕರೆದು ತೀರ್ಮಾನಿಸುವಷ್ಟರಲ್ಲಿ ಒಬ್ಬಂಟಿ ತಯಾರಕ ಮುಗಿಸಿರುತ್ತಾನೆ. ಅವನಿಗಿರುವ ನಿಜವಾದ ಅನುಕೂಲ ಇದೊಂದೇ.

ಇನ್ನೊಂದು ಸೂಕ್ಷ್ಮ. ವಿಜೆಟ್‌ಸ್ಮಿತ್‌ನ ಹೆಚ್ಚಿನ ಸೌಲಭ್ಯ ಉಚಿತ, ಹವಾಮಾನ ಮತ್ತು ಉಬ್ಬರ ಇಳಿತದ ಮಾಹಿತಿಗೆ ಮಾತ್ರ ಆರಂಭದಲ್ಲಿ ಚಂದಾ ಇಟ್ಟಿದ್ದರು. ಹವಾಮಾನದ ಮಾಹಿತಿಯನ್ನು ತಯಾರಕನು ಬೇರೆಯವರಿಂದ ಹಣ ಕೊಟ್ಟು ತರಬೇಕು, ಬಳಸುವವರು ಹೆಚ್ಚಿದಂತೆ ಬಿಲ್ಲು ಹೆಚ್ಚುತ್ತದೆ. ತನಗೆ ತಿಂಗಳು ತಿಂಗಳು ಖರ್ಚು ತರುವುದನ್ನು ಒಮ್ಮೆ ಮಾತ್ರ ಹಣ ಪಡೆದು ಮಾರಿದರೆ, ಆ್ಯಪ್ ಜನಪ್ರಿಯವಾದಷ್ಟೂ ತಯಾರಕ ಸಾಲಗಾರನಾಗುತ್ತಾನೆ. ಸಾಧ್ಯವಾದಷ್ಟೂ ಮಾಹಿತಿಯನ್ನು ಬಳಕೆದಾರರ ಮೊಬೈಲಿನಲ್ಲೇ ಉಳಿಸುವ ಆ್ಯಪ್ ಮಾಡಿದರೆ ಸರ್ವರಿನ ಬಾಡಿಗೆಯೂ ಇಲ್ಲ, ಜನರ ಖಾಸಗಿ ವಿಷಯ ಸೋರಿಹೋಗುವ ಭಯವೂ ಕಡಿಮೆ.

ಡೇವಿಡ್ ಸ್ಮಿತ್ ಅವರು ಮಾರ್ಕೊ ಆರ್ಮೆಂಟ್ ಎಂಬ ಇನ್ನೊಬ್ಬ ಸ್ವತಂತ್ರ ತಯಾರಕರ ಜೊತೆ 2015ರಲ್ಲಿ ಅಂಡರ್ ದ ರೇಡಾರ್ ಎಂಬ ಪಾಡ್‌ಕಾಸ್ಟ್ ಆರಂಭಿಸಿದರು. ಒಂದು ಕಂತು ಅರ್ಧ ಗಂಟೆ ಮೀರುವುದಿಲ್ಲ. ಇಂಗ್ಲಿಷ್ ಅರ್ಥವಾಗುವ ಯುವಕರು ಕೇಳಲಿ. (ನಮ್ಮ ಪ್ರವಚನಗಳೂ ಇಷ್ಟು ಶಿಸ್ತಿನಲ್ಲಿದ್ದರೆ ಒಳ್ಳೆಯದಿತ್ತು ಎಂದು ಯಾರೋ ಹೇಳುವುದು ಕೇಳಿಸುತ್ತಿದೆ.)

ಧಣಿಯ ಜಾಗದಲ್ಲಿ ಒಕ್ಕಲು

ನಮ್ಮ ಜಿಲ್ಲೆಗಳ ಹಿರಿಯರಿಗೆ ಗೇಣಿ, ಒಕ್ಕಲು, ಒಕ್ಕಲೆಬ್ಬಿಸುವುದು ಎಂಬ ಮಾತುಗಳನ್ನು ವಿವರಿಸಬೇಕಾಗಿಲ್ಲ. ಆ್ಯಪ್ ತಯಾರಕನ ಸ್ಥಿತಿಯೂ ಒಂದು ರೀತಿಯಲ್ಲಿ ಅದೇ. ಕೃಷಿ ಇವನದು, ಭೂಮಿ ಧಣಿಯದು.

ಕೆನಡಾದ ಕ್ರಿಸ್ಟಿಯನ್ ಸೆಲಿಗ್ ಎಂಬ ಯುವಕ ರೆಡ್ಡಿಟ್ ಎಂಬ ಚರ್ಚಾತಾಣವನ್ನು ಐಫೋನಿನಲ್ಲಿ ಚೆನ್ನಾಗಿ ಓದಲು ಅನುಕೂಲವಾಗುವ ಅಪೋಲೊ ಎಂಬ ಆ್ಯಪನ್ನು 2017ರಲ್ಲಿ ಬಿಡುಗಡೆ ಮಾಡಿದ್ದರು. ರೆಡ್ಡಿಟ್ ಕಂಪನಿಯದೇ ಆ್ಯಪ್ ಇದ್ದರೂ ಬಹಳ ಮಂದಿ ಇದನ್ನೇ ಮೆಚ್ಚಿ, ಹಣ ಕೊಟ್ಟು ಬಳಸುತ್ತಿದ್ದರು. ಆ್ಯಪ್ ರೆಡ್ಡಿಟ್‌ನಿಂದ ಮಾಹಿತಿ ಕೇಳುವುದು ಆವರೆಗೆ ಉಚಿತವಿತ್ತು. 2023ರಲ್ಲಿ ಕಂಪನಿ ಅದಕ್ಕೆ ದರ ವಿಧಿಸಿತು, 5 ಕೋಟಿ ಕೋರಿಕೆಗಳಿಗೆ 12,000 ಡಾಲರ್. ಅಪೋಲೊ ತಿಂಗಳಿಗೆ ಸುಮಾರು 700 ಕೋಟಿ ಕೋರಿಕೆ ಕಳುಹಿಸುತ್ತಿತ್ತು. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್. ಕೊಡಲು ಸಾಧ್ಯವಿಲ್ಲದೆ ಸೆಲಿಗ್ ಆ ವರ್ಷದ ಜೂನ್ 30ರಂದು ಅಪೋಲೊವನ್ನು ಮುಚ್ಚಿದರು. ವರ್ಷದ ಚಂದಾ ಮುಂಗಡ ಕೊಟ್ಟಿದ್ದವರಿಗೆ ಹಣ ಹಿಂತಿರುಗಿಸುವ ಹೊರೆಯೂ ಬಿತ್ತು, ಅದು ಸುಮಾರು ಎರಡೂವರೆ ಲಕ್ಷ ಡಾಲರ್ ಆಗಬಹುದೆಂದು ಅವರೇ ತಿಳಿಸಿದ್ದರು. ಅವರ ಕೆಲಸದಲ್ಲಿ ದೋಷವಿರಲಿಲ್ಲ, ಗ್ರಾಹಕರಿಗೆ ಪ್ರೀತಿ ಇತ್ತು. ಆದರೂ ಒಂದೇ ಧಣಿಯ ಒಂದೇ ಗದ್ದೆಯನ್ನು ನಂಬಿದ್ದರು. 1974ರ ಭೂಸುಧಾರಣೆಯಲ್ಲಿ ನಮ್ಮವರು ಡಿಕ್ಲರೇಶನ್ ಹಾಕಿ ಭೂಮಿ ಪಡೆದಂತೆ ಇಲ್ಲಿ ಪಡೆಯಲು ಯಾವ ಟ್ರಿಬ್ಯೂನಲ್ಲೂ ಇಲ್ಲ.

ಅಂಗಡಿಗಳೂ ಧಣಿಗಳೇ. 2024ರ ಮಾರ್ಚ್ ಮೊದಲ ವಾರ ಸೇವಾಶುಲ್ಕದ ವಿವಾದದಲ್ಲಿ ಗೂಗಲ್ ಭಾರತ್ ಮ್ಯಾಟ್ರಿಮನಿ, ನೌಕ್ರಿಯಂಥ ಹೆಸರಾಂತ ಭಾರತೀಯ ಆ್ಯಪ್‌ಗಳನ್ನೇ ಪ್ಲೇ ಸ್ಟೋರಿನಿಂದ ತೆಗೆಯಿತು. ಕೇಂದ್ರ ಸರಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಹಿಂದೆ ಬಂದವು. ಒಬ್ಬಂಟಿ ತಯಾರಕನಿಗಾಗಿ ಯಾವ ಸಚಿವರೂ ಸಭೆ ಕರೆಯುವುದಿಲ್ಲ. ನಿಯಮಗಳನ್ನು ಓದಿ ಪಾಲಿಸುವುದು, ಸಾಧ್ಯವಾದರೆ ಎರಡೂ ಅಂಗಡಿಗಳಲ್ಲಿ ಇರುವುದು, ಗ್ರಾಹಕರ ಸಂಪರ್ಕ ಅವರ ಒಪ್ಪಿಗೆಯಿಂದ ತನ್ನಲ್ಲೂ ಇಟ್ಟುಕೊಳ್ಳುವುದು, ಇಷ್ಟು ಅವನ ಕೈಯಲ್ಲಿದೆ.

ಸರಕಾರದ ನಿಯಮವೂ ಒಮ್ಮೊಮ್ಮೆ ಹೊಡೆತ ಕೊಡುತ್ತದೆ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಕಾರ್ಡುಗಳ ಸ್ವಯಂಚಾಲಿತ ಪಾವತಿಗೆ ಬಿಗಿ ನಿಯಮ ತಂದಾಗ ಬಹಳಷ್ಟು ಚಂದಾಗಳು ತನ್ನಿಂದ ತಾನೇ ನಿಂತುಹೋದವು. ಗ್ರಾಹಕರ ರಕ್ಷಣೆಗೆ ಅದು ಒಳ್ಳೆಯದೇ, ಆದರೆ ಸಣ್ಣ ತಯಾರಕರು ತತ್ತರಿಸಿದರು.

ಕನ್ನಡದಲ್ಲಿ ಮಾಡಿದರೆ ಕೊಳ್ಳುವವರು ಯಾರು?

ಇಲ್ಲಿ ಸ್ವಲ್ಪ ನಮ್ಮದೇ ತಪ್ಪೊಪ್ಪಿಗೆ ಇದೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬರಹ ತಂತ್ರಾಂಶವನ್ನು ಹೊರತಂದಾಗ ಕನ್ನಡ ಟೈಪಿಂಗ್ ಗೊತ್ತಿಲ್ಲದ ಎಷ್ಟೋ ಮಂದಿ ಗಣಕಯಂತ್ರದಲ್ಲಿ ಕನ್ನಡ ಬರೆಯತೊಡಗಿದರು. ಆ್ಯಪ್ ಎಂಬ ಶಬ್ದ ಬಳಕೆಗೆ ಬರುವ ಮೊದಲೇ ಒಬ್ಬ ವ್ಯಕ್ತಿಯ ಕೆಲಸ ಎಷ್ಟು ದೂರ ತಲುಪಬಹುದು ಎಂಬುದಕ್ಕೆ ಇದು ಉದಾಹರಣೆ. ಚರ್ಚಿನ ಮಾಸಪತ್ರಿಕೆ, ಹಬ್ಬದ ಆಮಂತ್ರಣ, ಎಲ್ಲವನ್ನೂ ನಾವು ಅದರಲ್ಲೇ ಮಾಡಿದೆವು. ಅದು ಬಹಳ ವರ್ಷ ಉಚಿತವಾಗಿತ್ತು. ಮುಂದೆ ಹೊಸ ಆವೃತ್ತಿಗೆ ಸಣ್ಣ ಶುಲ್ಕ ಬಂದಾಗ ನಾವೇನು ಮಾಡಿದೆವು? ಹಳೆಯ ಉಚಿತ ಆವೃತ್ತಿಯಲ್ಲೇ ಉಳಿದೆವು. ಹೂವಿನ ಅಲಂಕಾರಕ್ಕೆ ಸಾವಿರಗಟ್ಟಲೆ ಕೊಡುವವರಿಗೆ ಅದು ದೊಡ್ಡ ಹಣವಾಗಿರಲಿಲ್ಲ.

ಆದ್ದರಿಂದ ಕನ್ನಡ, ತುಳು, ಕೊಂಕಣಿಯಲ್ಲಿ ಆ್ಯಪ್ ಮಾಡಬೇಕೆಂಬ ಉತ್ಸಾಹದ ಯುವಕರಿಗೆ ನಾವು ನಿರುತ್ಸಾಹ ತುಂಬುವುದಿಲ್ಲ, ಆದರೆ ಅದರಿಂದಲೇ ಮನೆ ನಡೆಯುತ್ತದೆ ಎಂದು ಸುಳ್ಳು ಹೇಳುವುದೂ ಇಲ್ಲ. ಸಾಮಾನ್ಯ ಓದುಗ ಹಣ ಕೊಡಲು ಹಿಂಜರಿಯುತ್ತಾನೆ. ವ್ಯಾಪಾರಿಗೆ ಹಾಗಲ್ಲ. ತನ್ನ ನಷ್ಟ ತಪ್ಪಿಸುವ ಅಥವಾ ಸಮಯ ಉಳಿಸುವ ಆ್ಯಪಿಗೆ ಅವನು ವರ್ಷಕ್ಕೆ ಎರಡು ಮೂರು ಸಾವಿರ ಕೊಡುತ್ತಾನೆ, ಅದು ಅವನ ಭಾಷೆಯಲ್ಲಿದ್ದರೆ ಮತ್ತೂ ಸಂತೋಷ.

ದೊಡ್ಡ ಪ್ರಮಾಣದಲ್ಲಿ ನೋಡಿದರೆ ಉಡುಪಿಯಲ್ಲೇ 1996ರಲ್ಲಿ ರೋಹಿತ್ ಭಟ್ ಅವರು ಆರಂಭಿಸಿದ ರೋಬೊಸಾಫ್ಟ್ ಇದೆ, ಅದರ ಬಳಗದ ಗ್ಲೋಬಲ್ ಡಿಲೈಟ್ ತಯಾರಿಸಿದ ಕ್ಯಾಮೆರಾ ಪ್ಲಸ್, ಬೂಮ್ ಮುಂತಾದವು ಹೊರದೇಶದ ಗ್ರಾಹಕರನ್ನು ತಲುಪಿದವು. ಅವು ಕಂಪನಿಗಳು, ಒಬ್ಬಂಟಿಗರ ಕೆಲಸವಲ್ಲ. ಆದರೂ ಊರಿನ ಹೆಸರು ಇದಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಸಾಕ್ಷಿ. ಕೊಂಕಣ ರೈಲಿನಲ್ಲಿ ಮುಂಬಯಿಗೆ ಹೋಗಿ ಬರುವ ನಮ್ಮವರ ಮೊಬೈಲಿನಲ್ಲೆಲ್ಲ ಇರುವ ವೇರ್ ಈಸ್ ಮೈ ಟ್ರೈನ್ ಆ್ಯಪ್ ಬೆಂಗಳೂರಿನ ಒಂದು ಸಣ್ಣ ತಂಡದ ಕೆಲಸ. ಇಂಟರ್ನೆಟ್ ಇಲ್ಲದೆಡೆಯೂ ಮೊಬೈಲ್ ಟವರುಗಳ ಸಂಕೇತದಿಂದ ರೈಲು ಎಲ್ಲಿದೆ ಎಂದು ಅದು ತಿಳಿಯುತ್ತಿತ್ತು. 2018ರಲ್ಲಿ ಗೂಗಲ್ ಆ ತಂಡವನ್ನೇ ಕೊಂಡುಕೊಂಡಿತು.

ಮಾಡಿ ಮುಗಿಸುವ ಕೆಲಸವಲ್ಲ

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಒಬ್ಬ ಹುಡುಗ ಚರ್ಚಿಗಾಗಿ ಉಚಿತವಾಗಿ ಆ್ಯಪ್ ಮಾಡಿಕೊಟ್ಟ. ಪೂಜೆಯ ಸಮಯ, ವಾರ್ಡಿನ ಸಭೆಗಳು, ನಿಧನ ವಾರ್ತೆ ಎಲ್ಲ ಅದರಲ್ಲಿತ್ತು. ಸಮಾರಂಭ ಮಾಡಿ ಬಿಡುಗಡೆ ಮಾಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟೆವು. ಎರಡು ವರ್ಷದ ನಂತರ ಹೊಸ ಮೊಬೈಲ್ ಕೊಂಡವರಿಗೆ ಆ ಆ್ಯಪ್ ಸಿಗುತ್ತಿಲ್ಲ ಎಂಬ ದೂರು ಬಂತು. ನಾವು ಹುಡುಗನ ಮೇಲೆ ಸಿಟ್ಟಾದೆವು. ಅವನು ಅಷ್ಟರಲ್ಲಿ ದುಬಾಯಿಯಲ್ಲಿದ್ದ.

ತಪ್ಪು ನಮ್ಮದೇ ಎಂದು ಈಗ ತಿಳಿಯಿತು. ಆಂಡ್ರಾಯ್ಡಿನ ಹೊಸ ಆವೃತ್ತಿ ಪ್ರತಿ ವರ್ಷ ಬರುತ್ತದೆ. ಅದಕ್ಕೆ ತಕ್ಕಂತೆ ಆ್ಯಪನ್ನು ನವೀಕರಿಸದಿದ್ದರೆ ಹೊಸ ಮೊಬೈಲಿನವರಿಗೆ ಗೂಗಲ್ ಪ್ಲೇ ಅದನ್ನು ತೋರಿಸುವುದನ್ನೇ ನಿಲ್ಲಿಸುತ್ತದೆ. ಹಂಚಿನ ಮನೆಯವರು ಪ್ರತಿ ವರ್ಷ ಮಳೆಗಾಲದ ಮೊದಲು ಮಾಡು ಹತ್ತಿ ಒಡೆದ ಹಂಚು ಬದಲಿಸುವ ಹಾಗೆ ಇಲ್ಲೂ ವರ್ಷಕ್ಕೊಮ್ಮೆಯಾದರೂ ಕೆಲಸ ಇದ್ದೇ ಇದೆ. ಹತ್ತು ಆ್ಯಪ್ ಇಟ್ಟುಕೊಂಡವನಿಗೆ ಹತ್ತು ಮಾಡು. ಇದಲ್ಲದೆ ಗ್ರಾಹಕರ ಪತ್ರಗಳಿಗೆ ಉತ್ತರ, ಒಂದು ನಕ್ಷತ್ರ ಕೊಟ್ಟು ಬೈದವರಿಗೆ ಸಮಾಧಾನ, ಆ್ಯಪಿನ ವಿವರಣೆ, ಚಿತ್ರಗಳು, ಪ್ರಚಾರ. ನಾವು ವಿಚಾರಿಸಿದವರೆಲ್ಲ, ಕೋಡ್ ಬರೆಯುವುದಕ್ಕೆ ಅರ್ಧದಷ್ಟು ಸಮಯವೂ ಸಿಗುವುದಿಲ್ಲ ಎಂದೇ ಹೇಳಿದರು. ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಬಂದ ಮೇಲೆ ಕೋಡ್ ಬರೆಯುವುದು ಇನ್ನೂ ಸುಲಭವಾಗಿದೆ. ಎಲ್ಲರಿಗೂ ಸುಲಭವಾದ್ದರಿಂದ ಅಂಗಡಿಯಲ್ಲಿ ನೂಕುನುಗ್ಗಲು ಹೆಚ್ಚಿದೆ. ಗ್ರಾಹಕರನ್ನು ಹುಡುಕಿ ಅವರ ಕಷ್ಟ ಕೇಳುವ ಕೆಲಸ ಮಾತ್ರ ಮೊದಲಿನಷ್ಟೇ ನಿಧಾನ.

ಚರ್ಚಿನವರು ನಿಜವಾಗಿ ಸಹಾಯ ಮಾಡಬಹುದಾದ ಒಂದು ಸಂದರ್ಭವಿದೆ. 2023ರ ನವೆಂಬರ್ 13ರ ನಂತರ ಗೂಗಲ್ ಪ್ಲೇಯಲ್ಲಿ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಸಾರ್ವಜನಿಕರಿಗೆ ಬಿಡುವ ಮೊದಲು ಕೆಲವರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಮೊದಲು 20 ಜನರೆಂದಿತ್ತು, 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಯಿತು. ಒಂಟಿಯಾಗಿ ಕೂತ ಹುಡುಗನಿಗೆ 12 ಜನ ಸಿಗುವುದೂ ಕಷ್ಟ. ಯುವಜನರ ಗುಂಪು, ಗಾಯನ ಮಂಡಳಿ ಮನಸ್ಸು ಮಾಡಿದರೆ ಒಂದು ಸಂಜೆಯಲ್ಲಿ ಆಗುತ್ತದೆ. ಆದರೆ ಆ್ಯಪ್ ತೆರೆಯದೆಯೇ ಐದು ನಕ್ಷತ್ರ ಹಾಕಿ ಹೊಗಳಿಕೆ ಬರೆಯಬೇಡಿ. ಸುಳ್ಳು ವಿಮರ್ಶೆ ಅಂಗಡಿಯ ನಿಯಮಕ್ಕೆ ವಿರುದ್ಧ, ಆ್ಯಪನ್ನೇ ತೆಗೆದುಹಾಕಬಹುದು. ಎಲ್ಲಿ ತೊಡಕಾಯಿತು ಎಂದು ಹೇಳುವವನೇ ಆ ಹುಡುಗನಿಗೆ ಉಪಕಾರಿ.

ಮನೆಯವರೊಡನೆ ಮಾತಾಡಬೇಕಾದದ್ದು

ಕೆಲಸ ಬಿಡುವ ಮೊದಲು ಕನಿಷ್ಠ ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿರಬೇಕು, ಸಾಲವಿದ್ದರೆ ಅದರ ಕಂತು ಸೇರಿಸಿ. ಇದು ನಮ್ಮ ಖಚಿತ ಅಭಿಪ್ರಾಯ. ಮೊದಲ ಆ್ಯಪನ್ನು ಕೆಲಸದಲ್ಲಿರುವಾಗಲೇ, ರಾತ್ರಿ ಮತ್ತು ರಜಾದಿನಗಳಲ್ಲಿ ಮಾಡಿ, ಅಪರಿಚಿತರಲ್ಲಿ ಒಬ್ಬರಾದರೂ ಹಣ ಕೊಟ್ಟು ಕೊಂಡ ಮೇಲೆ ಮುಂದಿನ ಯೋಚನೆ ಮಾಡುವುದು ಕ್ಷೇಮ. ಆದರೆ ಕಂಪನಿಯ ನೇಮಕಪತ್ರವನ್ನು ಮೊದಲು ಓದಿ. ನೌಕರ ಮಾಡಿದ ತಂತ್ರಾಂಶವೆಲ್ಲ ಕಂಪನಿಯದ್ದೇ ಎಂಬ ಷರತ್ತು ಕೆಲವು ಕಡೆ ಇರುತ್ತದೆ.

ನೌಕರನಿಗೆ ಸಿಗುವ ಭವಿಷ್ಯನಿಧಿ, ಗ್ರಾಚ್ಯುಟಿ, ಕಂಪನಿಯ ಆರೋಗ್ಯ ವಿಮೆ ಇವನಿಗೆ ಇಲ್ಲ. ತಾನೇ ಮಾಡಿಕೊಳ್ಳಬೇಕು. ವಯಸ್ಸಿದ್ದಾಗಲೇ ಆರೋಗ್ಯ ವಿಮೆ ಮಾಡಿಸಿದರೆ ಕಂತು ಕಡಿಮೆ. ಆಪಲ್ ಒಂದು ತಿಂಗಳ ಗಳಿಕೆಯನ್ನು ಸುಮಾರು ಒಂದೂವರೆ ತಿಂಗಳ ನಂತರ ಕೊಡುತ್ತದೆ, ಗೂಗಲ್ ಮುಂದಿನ ತಿಂಗಳ ಮಧ್ಯಭಾಗದಲ್ಲಿ. ಆದ್ದರಿಂದ ಸಂಬಳದಂತೆ ಒಂದನೆಯ ತಾರೀಕನ್ನು ಕಾಯುವಂತಿಲ್ಲ. ಆದಾಯ ತೆರಿಗೆ, ಜಿ.ಎಸ್.ಟಿ., ಹೊರದೇಶದ ಹಣ ಇವುಗಳಿಗೆ ಮೊದಲ ವರ್ಷವೇ ಒಬ್ಬ ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು. ಗಳಿಕೆ ಕಡಿಮೆಯಿದ್ದರೂ ಪ್ರತಿ ವರ್ಷ ರಿಟರ್ನ್ ಸಲ್ಲಿಸಬೇಕು. ಮುಂದೆ ಮನೆಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಕೇಳುವುದೇ ಆ ಕಾಗದ.

ಮದುವೆಯ ವಿಷಯವೂ ಬರುತ್ತದೆ. "ಹುಡುಗ ಏನು ಮಾಡುತ್ತಾನೆ?" ಎಂಬ ಪ್ರಶ್ನೆಗೆ "ಮನೆಯಲ್ಲೇ ಇದ್ದಾನೆ" ಎಂದು ಉತ್ತರಿಸಿದ ಕಾರಣಕ್ಕೆ ಒಂದು ಸಂಬಂಧ ತಪ್ಪಿದ್ದು ನಮಗೆ ಗೊತ್ತು. ಆ ಹುಡುಗನ ಗಳಿಕೆ ಸಂಬಂಧ ತಂದ ಮಧ್ಯಸ್ಥರ ಮಗನ ಸಂಬಳಕ್ಕಿಂತ ಕಡಿಮೆ ಇರಲಿಲ್ಲ.

ಇನ್ನು ಆರಂಭದಲ್ಲಿ ಹೇಳಿದ ದಂಪತಿಯ ಮಗನ ವಿಷಯ. ನಾವು ಅವನಿಗೆ ಬುದ್ಧಿ ಹೇಳಲಿಲ್ಲ, ಲೆಕ್ಕ ಕೇಳಿದೆವು. ಅವನು ಮಾಡುತ್ತಿದ್ದದ್ದು ದಿನಚರಿ ಬರೆಯುವ ಆ್ಯಪ್, ಅಂಥವು ಅಂಗಡಿಯಲ್ಲಿ ಲೆಕ್ಕವಿಲ್ಲದಷ್ಟಿವೆ. ಅವನ ಸೋದರಮಾವ ಮದುವೆ, ಹಬ್ಬಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವರು. ಎಷ್ಟು ಕುರ್ಚಿ ಹೋಯಿತು, ಎಷ್ಟು ಮರಳಿ ಬಂತು, ಯಾರ ಮನೆಯಲ್ಲಿ ಎರಡು ಚೆಂಬು ಉಳಿಯಿತು ಎಂಬ ಲೆಕ್ಕ ಪ್ರತಿ ಬೇಸಗೆಯಲ್ಲೂ ಅವರಿಗೆ ತಪ್ಪುತ್ತಿತ್ತು. ಅವರ ಜೊತೆ ನಾಲ್ಕು ಮದುವೆಗಳಿಗೆ ಲಾರಿಯಲ್ಲಿ ಹೋಗಿ ಬಂದ ಮೇಲೆ ಹುಡುಗ ದಿನಚರಿಯನ್ನು ಬದಿಗಿಟ್ಟು ಬಾಡಿಗೆಯ ಲೆಕ್ಕದ ಆ್ಯಪ್ ಮಾಡಿದ. ಈಗ ಒಂಬತ್ತು ಅಂಗಡಿಯವರು ವರ್ಷಕ್ಕೆ 3,000 ರೂಪಾಯಿ ಕೊಟ್ಟು ಬಳಸುತ್ತಿದ್ದಾರೆ. ಒಟ್ಟು 27,000, ಅದು ವರ್ಷಕ್ಕೆ. ಮನೆ ನಡೆಯಲು ವಾರದಲ್ಲಿ ಮೂರು ದಿನ ಬೆಂಗಳೂರಿನ ಹಳೆಯ ಪರಿಚಯದವರಿಗೆ ಗುತ್ತಿಗೆ ಕೆಲಸ ಮಾಡಿಕೊಡುತ್ತಾನೆ, ಸಾಲದ ಕಂತು ಅದರಿಂದ ಹೋಗುತ್ತದೆ. ಉಳಿದ ಎರಡು ದಿನ ಅವನ ಆ್ಯಪಿಗೆ.

ಚರ್ಚಿನ ಸಭಾಭವನದ ಕುರ್ಚಿ, ಪಾತ್ರೆಗಳ ಲೆಕ್ಕಕ್ಕೂ ಅದನ್ನೇ ಬಳಸೋಣ ಎಂದು ನಾವು ಆರ್ಥಿಕ ಸಮಿತಿಯ ಮುಂದೆ ಇಟ್ಟೆವು. "ನಮ್ಮ ಹುಡುಗನೇ ಅಲ್ಲವಾ ಫಾದರ್, ಅವನಿಗೂ ಹಣ ಕೊಡಬೇಕಾ?" ಎಂದು ಸದಸ್ಯರೊಬ್ಬರು ಕೇಳಿದರು. ಚರ್ಚೆ ಹದಿನೈದು ನಿಮಿಷ ನಡೆಯಿತು. 3,000 ರೂಪಾಯಿಯ ರಶೀದಿ ಈಗ ಚರ್ಚಿನ ಕಡತದಲ್ಲಿದೆ, ಮುಂದಿನ ಮೇ ತಿಂಗಳಲ್ಲಿ ಮತ್ತೆ ಕಟ್ಟಬೇಕು.